ಆಟಿಕೆ ಕಾರಿಗೊಂದು ಸುಂಕದಕಟ್ಟೆ

ಸ್ಲೊವಾಕಿಯಾದಲ್ಲಿ ಕಾರುಗಳಿಗೆ ಬರವಿಲ್ಲ. ಇಂದಿನ ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ಈ ದೇಶ, ತಲಾವಾರು ಲೆಕ್ಕ ಹಾಕಿದರೆ, ಜಗತ್ತಿನಲ್ಲೇ ಅತಿ ಹೆಚ್ಚು ಕಾರು ತಯಾರಿಸುತ್ತದೆ. ಬ್ರಾಟಿಸ್ಲಾವಾದಲ್ಲಿ ಫೋಕ್ಸ್‌ವಾಗನ್, ಝಿಲಿನಾದಲ್ಲಿ ಕಿಯಾ, ನಿತ್ರಾದಲ್ಲಿ ನಮ್ಮ ಟಾಟಾದವರ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್. ಅಕ್ಕನ ಮಗ ನಿತ್ರಾದಲ್ಲಿ ಎಂಜಿನಿಯರ್. ವಾರವಿಡೀ ಎರಡು ಟನ್ನಿನ ಕಾರುಗಳ ಜೊತೆ ಹೆಣಗುವ ಹುಡುಗ ಶನಿವಾರ ಬಂತೆಂದರೆ ಒಂದೂವರೆ ಕಿಲೋಗೂ ಕಡಿಮೆ ತೂಗುವ ಕಾರೊಂದನ್ನು ಬ್ಯಾಗಿಗೆ ತುಂಬಿಕೊಂಡು ಹೊರಟುಬಿಡುತ್ತಾನೆ. “ಮಾವ, ನೀವೂ ಬನ್ನಿ, ಕೋಟೆಯೂ ನೋಡಿದ ಹಾಗಾಯಿತು” ಅಂದ. ಕೋಟೆಯ ಆಸೆಗೇ ನಾನು ಕಾರು ಹತ್ತಿದ್ದು.

ನಿತ್ರಾದಿಂದ ಟ್ರೆನ್ಚಿನ್ ಊರಿಗೆ ಒಂದು ಗಂಟೆಯ ಮೇಲಿನ ದಾರಿ. ಉಳುಮೆ ಮುಗಿದ ಕಪ್ಪು ಹೊಲಗಳ ಸಾಲುಗಳಲ್ಲಿ ಮಾತ್ರ ಹಿಮ ಉಳಿದಿತ್ತು, ಸಾಲುಮರಗಳೆಲ್ಲ ಬೋಳು. ವಾಹ್ ನದಿಯ ಕಣಿವೆಗೆ ಇಳಿಯುತ್ತಿದ್ದಂತೆ ಎದುರಿನ ಬಂಡೆಯ ನೆತ್ತಿಯಲ್ಲಿ ಕೋಟೆ ಕಾಣಿಸಿತು. ಬಂಡೆಯ ಬುಡದ ಹೋಟೆಲ್ಲೊಂದರ ಹಿಂಬದಿಯ ಗಾಜಿನಿಂದ ನೋಡಿದರೆ ರೋಮನ್ನರು ಕೆತ್ತಿದ ಶಾಸನ ಕಾಣುತ್ತದೆ. ಕ್ರಿ.ಶ. 179ರ ಚಳಿಗಾಲದಲ್ಲಿ ಇಲ್ಲಿ ಬೀಡುಬಿಟ್ಟ ಸೈನ್ಯ ಚಕ್ರವರ್ತಿಗಳ ಗೆಲುವನ್ನು ಸಾರಿ, ಎರಡನೆಯ ಲೀಜನ್ನಿನ 855 ಸೈನಿಕರು ಎಂಬ ಲೆಕ್ಕವನ್ನೂ ಬರೆಸಿಹೋಗಿದೆ. ಆಲ್ಪ್ಸ್‌ನ ಉತ್ತರಕ್ಕೆ, ತಮ್ಮ ಗಡಿಯಾಚೆ ಇಷ್ಟು ದೂರ ಬಂದವರು ತಲೆ ಎಣಿಸುವುದನ್ನು ಮಾತ್ರ ಮರೆತಿರಲಿಲ್ಲ. ನನಗೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕೆನಿಸಿತ್ತು. ಅಳಿಯ ಗಡಿಯಾರ ನೋಡಿದ. ಅವನ ಕಾರಿನ ತಪಾಸಣೆಯ ಸಮಯ ಸಮೀಪಿಸಿತ್ತು.

ರಿಮೋಟ್ ಕಾರಿನ ಲೋಕದಲ್ಲಿ ಎಕ್ಸ್‌ರೇ ಅಂದರೆ ದೊಡ್ಡ ಹೆಸರಂತೆ. ಆ ಕಾರುಗಳು ಹುಟ್ಟುವುದು ಈ ಊರಿನಲ್ಲೇ. ಅವನ್ನು ತಯಾರಿಸುವ ಹುಡಿ ಮನೆತನದವರ ಹೆಸರಿನ ಹುಡಿ ಅರೀನಾದಲ್ಲಿ ಅಂದು ರೇಸು. ವಿಶ್ವಕಪ್ಪಲ್ಲ, ಸುತ್ತಮುತ್ತಲಿನ ದೇಶಗಳವರು ಸೇರುವ ವಾರಾಂತ್ಯದ ಸ್ಪರ್ಧೆ. ಬಾಗಿಲು ತೆಗೆದದ್ದೇ ಬೆಸುಗೆಯ ಹೊಗೆಯ ವಾಸನೆ, ಬಿಸಿ ರಬ್ಬರಿನ ವಾಸನೆ, ಯಾರದೋ ಫ್ಲಾಸ್ಕಿನ ಕಾಫಿ. ಸಾಲು ಮೇಜುಗಳ ಮೇಲೆ ಬಿಚ್ಚಿದ ಕಾರುಗಳು, ಹೊಳೆಯುವ ಸ್ಕ್ರೂಡ್ರೈವರುಗಳು, ಪುಟ್ಟ ಚಕ್ರಗಳಿಗೆ ಸುತ್ತಿದ ಬಿಸಿ ಪಟ್ಟಿಗಳು. ಆಚೆ ಕಪ್ಪು ಕಾರ್ಪೆಟ್ ಹಾಸಿದ ಟ್ರ್ಯಾಕು. ಎತ್ತರದ ಅಟ್ಟದ ಮೇಲೆ ಹತ್ತು ಮಂದಿ ಸಾಲಾಗಿ ನಿಂತು, ಕೈಯಲ್ಲಿ ಪಿಸ್ತೂಲಿನಾಕಾರದ ರಿಮೋಟು ಹಿಡಿದು, ಬಾಯಿ ಬಿಗಿದುಕೊಂಡು ಕೆಳಗೆ ನೋಡುತ್ತಿದ್ದರು. ಕಾರುಗಳು ಹೋಗುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಯ ಬಳಿ ಸೊಳ್ಳೆಯ ಹಿಂಡು ಹಾದಂತೆ ಒಂದು ಝೇಂಕಾರ. ನೇರ ದಾರಿಯಲ್ಲಿ ಅವುಗಳ ವೇಗ ನಮ್ಮ ಹೆದ್ದಾರಿಯ ಬಸ್ಸಿಗೆ ಕಡಿಮೆಯಿಲ್ಲ. ತಿರುವಿನಲ್ಲಿ ಬ್ರೇಕು ಹಾಕಿದ್ದೇ ಇಲ್ಲವೇನೋ ಎಂಬಂತೆ ಮೂಗು ತಿರುಗಿಸಿ ಮಾಯ.

ಮಕ್ಕಳ ಆಟಿಕೆ ಅಂದುಕೊಂಡು ಬಂದಿದ್ದ ನನ್ನ ಬಾಯಿ ಅಲ್ಲೇ ಮುಚ್ಚಿತು. ಆದರೆ ಅಂದು ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಟ್ರ್ಯಾಕಲ್ಲ, ಅದರ ಬಾಗಿಲಲ್ಲಿದ್ದ ಒಂದು ಮೇಜು.

ಎಲ್ಲರೂ ಅದನ್ನು ಟೆಕ್ ಎನ್ನುತ್ತಿದ್ದರು. ತಪಾಸಣೆಯ ಮೇಜು. ಅದರ ಮೇಲೆ ನುಣುಪಾದ ಒಂದು ಸಮತಟ್ಟು ಹಲಗೆ, ಡಿಜಿಟಲ್ ತಕ್ಕಡಿ, ವೋಲ್ಟ್ ಮೀಟರು, ವರ್ನಿಯರ್ ಕ್ಯಾಲಿಪರು, ಅಲ್ಯೂಮಿನಿಯಂ ಗೇಜುಗಳ ಒಂದು ಗೊಂಚಲು, ಮತ್ತು ಎರಡೂ ಕಡೆ ತೆರೆದ ಒಂದು ಪೆಟ್ಟಿಗೆ. ಹಿಂದೆ ಕುಳಿತವರು ಬಿಳಿ ಮೀಸೆಯ ಹಿರಿಯರು, ಕನ್ನಡಕ ಮೂಗಿನ ತುದಿಯಲ್ಲಿ. ಟ್ರ್ಯಾಕಿಗೆ ಇಳಿಯುವ ಪ್ರತಿ ಕಾರೂ ಅವರ ಕೈ ದಾಟಬೇಕು, ಓಡಿ ಬಂದಮೇಲೆ ಮತ್ತೆ ದಾಟಬೇಕು. ಪೆಟ್ಟಿಗೆಯ ಒಳಗಲ 190 ಮಿಲಿಮೀಟರ್. ಕಾರನ್ನು ತಳ್ಳಿದರೆ ಎಲ್ಲೂ ಮುಟ್ಟದೆ ಆಚೆ ಬರಬೇಕು. ಅಂದು ಓಡುತ್ತಿದ್ದ ಟೂರಿಂಗ್ ಕಾರು ಎಂಬ ವರ್ಗದಲ್ಲಿ ಯಾವ ಕಾರೂ ಅದಕ್ಕಿಂತ ಅಗಲ ಇರುವಂತಿಲ್ಲ. ತಕ್ಕಡಿಯಲ್ಲಿ ಕನಿಷ್ಠ ತೂಕ ತೋರಿಸಬೇಕು. ಒಂದು ಗ್ರಾಂ ಕಡಿಮೆಯಾದರೂ ಅಷ್ಟು ಹೊತ್ತು ಓಡಿದ್ದು ಲೆಕ್ಕಕ್ಕಿಲ್ಲ. ಅದಕ್ಕೇ ಹುಡುಗರು ಕಾರಿನ ಹೊಟ್ಟೆಗೆ ಹಿತ್ತಾಳೆಯ ಚೂರುಗಳನ್ನು ಅಂಟಿಸಿಕೊಂಡು ತೂಕ ಸರಿದೂಗಿಸುತ್ತಾರೆ. ಭಾರ ಸೇರಿಸಲೇಬೇಕೆಂದಾದರೆ ಎಲ್ಲಿ ಸೇರಿಸಿದರೆ ತಿರುವಿಗೆ ಲಾಭ ಎಂಬ ಲೆಕ್ಕಾಚಾರವೂ ಅದರೊಳಗೇ ಇದೆ.

ನಾನು ಕರಾವಳಿಯವನು. ನಮ್ಮ ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯ, ಪಕ್ಕ ನಿಂತೇ ಬೆಳೆದವನು. ಅಲ್ಲಿಯೂ ಎಲ್ಲ ಕೋಣಗಳೂ ಒಟ್ಟಿಗೆ ಓಡುವುದಿಲ್ಲ. ನೇಗಿಲು ಬೇರೆ, ಹಗ್ಗ ಬೇರೆ, ಅಡ್ಡ ಹಲಗೆ ಬೇರೆ, ಕನೆ ಹಲಗೆ ಬೇರೆ. ನೇಗಿಲು, ಹಗ್ಗದಲ್ಲಿ ಮತ್ತೆ ಹಿರಿಯ, ಕಿರಿಯ. ಕಿರಿಯ ಹೌದೋ ಅಲ್ಲವೋ ಎಂದು ಕೋಣದ ಬಾಯಿ ತೆರೆದು ಹಲ್ಲು ನೋಡುತ್ತಾರೆ. ಕನೆ ಹಲಗೆಯಲ್ಲಿ ಓಟಗಾರನ ಕಾಲಡಿಯಿಂದ ಚಿಮ್ಮುವ ನೀರು ಆರೂವರೆ ಕೋಲು ಎತ್ತರದ ನಿಶಾನೆಗೆ ತಾಗಿತೇ ಎಂಬುದೇ ಪರೀಕ್ಷೆ. ಟ್ರೆನ್ಚಿನ್‌ನ ಆ ಮೇಜಿನೆದುರು ನಿಂತಾಗ ನನಗೆ ನೆನಪಾದದ್ದು ಆ ಹಲ್ಲಿನ ಪರೀಕ್ಷೆ. ವ್ಯತ್ಯಾಸ ಇಷ್ಟೇ: ಕೋಣದ ಹಲ್ಲು ದೇವರು ಕೊಟ್ಟದ್ದು, ಯಾವ ಕಂಪನಿಯೂ ವರ್ಷಕ್ಕೊಂದು ಹೊಸ ಹಲ್ಲು ತಯಾರಿಸುವುದಿಲ್ಲ. ಇಲ್ಲಿ ಕಾರಿನ ಒಂದೊಂದು ಅಂಗವೂ ಯಾವುದೋ ಕಾರ್ಖಾನೆಯ ಸರಕು. ಹಾಗಾಗಿ ಗೇಜು ಒಂದೇ ಸಾಲದು, ಪಟ್ಟಿಯೂ ಬೇಕು.

ಆ ಪಟ್ಟಿ ಮೇಜಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆಗಳ ಫೈಲಿನಲ್ಲಿತ್ತು. ಪುಟಗಳ ಮೂಲೆಗಳೆಲ್ಲ ಮಡಚಿ ಜಿಡ್ಡು ಹಿಡಿದಿದ್ದವು. ಒಪ್ಪಿತ ಮೋಟಾರುಗಳು, ಒಪ್ಪಿತ ಬ್ಯಾಟರಿಗಳು, ಒಪ್ಪಿತ ಸ್ಪೀಡ್ ಕಂಟ್ರೋಲರುಗಳು, ಒಪ್ಪಿತ ಕವಚಗಳು. ಪಟ್ಟಿಯಲ್ಲಿ ಹೆಸರಿಲ್ಲದ ವಸ್ತು ಎಷ್ಟೇ ಒಳ್ಳೆಯದಿರಲಿ, ಎಷ್ಟೇ ನಿಧಾನದ್ದಿರಲಿ, ಒಳಗೆ ಪ್ರವೇಶವಿಲ್ಲ.

ಈ ಪಟ್ಟಿಗಳ ಹಿಂದೆ ಅರ್ಧ ಶತಮಾನದ ಜಗಳವಿದೆ. 1966ರಲ್ಲಿ ಇಟಲಿಯ ಒಂದು ಕಂಪನಿ ಫೆರಾರಿ 250 ಎಲ್‌ಎಂ ಮಾದರಿಯ ರೇಡಿಯೊ ಕಾರನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಅಮೆರಿಕದಲ್ಲಿ ರೋರ್ ಎಂಬ ಸಂಘ ಹುಟ್ಟಿ ರೇಸಿನ ನಿಯಮ ಬರೆಯತೊಡಗಿತು. ಯುರೋಪಿನವರ ಎಫ್ರಾ 1973ರದ್ದು. ಬ್ರಿಟನ್ನಿಗೆ ಬಿಆರ್‌ಸಿಎ, ಜಪಾನಿನತ್ತ ಫೆಮ್ಕಾ, ಎಲ್ಲವನ್ನೂ ಸೇರಿಸಿ ವಿಶ್ವ ಚಾಂಪಿಯನ್‌ಶಿಪ್ ನಡೆಸಲು ಇಫ್ಮಾರ್. 1976ರಲ್ಲಿ ಜಪಾನಿನ ತಮಿಯಾ ಕಂಪನಿ ಪೋರ್ಷೆ 934 ಎಂಬ ವಿದ್ಯುತ್ ಕಾರನ್ನು ತಂದಮೇಲೆ ಆಟ ಮನೆಮನೆಗೆ ಹೊಕ್ಕಿತು. ಆ ದೇಶದ ಮಸಾಮಿ ಹಿರೊಸಾಕಾ ಎಂಬಾತ ಮುಂದೆ ಇಫ್ಮಾರ್‌ನ ಹದಿನಾಲ್ಕು ವಿಶ್ವ ಪ್ರಶಸ್ತಿ ಗೆದ್ದ. ಅಷ್ಟು ಗೆಲ್ಲುವವನ ಕೈಯಲ್ಲಿರುವ ಮೋಟಾರು ಅಂಗಡಿಯಲ್ಲಿ ನಮಗೂ ಸಿಗುತ್ತದೆಯೇ ಎಂದು ಸೋತವರು ಕೇಳದೆ ಇರುತ್ತಾರೆಯೇ? ಒಪ್ಪಿಗೆಯ ಪಟ್ಟಿ ಆ ಪ್ರಶ್ನೆಗೆ ಕೊಟ್ಟ ಉತ್ತರ ಎಂದು ನನ್ನ ಊಹೆ.

ಪದ್ಧತಿ ಹೀಗೆ. ಕಂಪನಿ ಹೊಸ ಮೋಟಾರು ಮಾಡಿದರೆ ಮಾದರಿಗಳನ್ನು ಶುಲ್ಕದೊಂದಿಗೆ ಸಂಘಕ್ಕೆ ಕಳಿಸಬೇಕು. ಸಂಘದವರು ಅದನ್ನು ಅಳೆದು, ಬಿಚ್ಚಿ, ಮತ್ತೆ ಅಳೆದು, ನಿಯಮದೊಳಗಿದ್ದರೆ ಪಟ್ಟಿಗೆ ಸೇರಿಸುತ್ತಾರೆ. ಮುಂದೆ ಸಂಶಯ ಬಂದಾಗ ಹೋಲಿಸಿ ನೋಡಲು ಮಾದರಿ ಅವರ ಬಳಿಯೇ ಉಳಿಯುತ್ತದೆ. ವಸ್ತು ಯಾರಿಗಾದರೂ ಕೊಳ್ಳಲು ಸಿಗುವಂತಿರಬೇಕು, ಚಾಂಪಿಯನ್ನನೊಬ್ಬನಿಗಾಗಿ ಕದ್ದುಮುಚ್ಚಿ ಮಾಡಿದ್ದಾಗಿರಬಾರದು. ಕೇಳಲು ನ್ಯಾಯವಾಗಿದೆ. ಆದರೆ ಅಳಿಯನ ಮನೆಯ ಕಪಾಟಿನ ಡ್ರಾಯರೊಂದರ ತುಂಬ ಒಪ್ಪಿಗೆಯ ಮುದ್ರೆ ಹೊತ್ತ ಹಳೆಯ ಮೋಟಾರುಗಳಿದ್ದುದನ್ನು ನಾನು ಕಂಡಿದ್ದೆ. ಯಾವುದೂ ಕೆಟ್ಟಿಲ್ಲ, ಯಾವುದೂ ನಿಷಿದ್ಧವಲ್ಲ. ಪಟ್ಟಿಗೆ ಅದಕ್ಕಿಂತ ಒಂದು ಕೂದಲಿನಷ್ಟು ಚುರುಕಾದದ್ದು ಬಂದಿದೆ, ಅಷ್ಟೆ. ಸಣ್ಣ ತಯಾರಕನಿಗೆ ಶುಲ್ಕ ಭಾರ, ದೊಡ್ಡವನಿಗೆ ಅದೇ ಜಾಹೀರಾತು. ಪಟ್ಟಿ ಹಣವಂತನ ಓಟವನ್ನು ನಿಲ್ಲಿಸಿಲ್ಲ, ಅದಕ್ಕೊಂದು ಬೇಲಿ ಹಾಕಿದೆ.

ಮೋಟಾರಿನ ಕಥೆಯನ್ನು ಕೊಂಚ ಬಿಡಿಸಿಯೇ ಹೇಳಬೇಕು. ಅಳಿಯ ಓಡುವುದು ಸ್ಟಾಕ್ ವರ್ಗದಲ್ಲಿ, 13.5 ಟರ್ನಿನ ಮೋಟಾರು. ಅಂದರೆ ಒಳಗಿನ ಕಬ್ಬಿಣದ ಹಲ್ಲಿಗೆ ತಾಮ್ರದ ತಂತಿ ಹದಿಮೂರೂವರೆ ಸುತ್ತು. ತಂತಿ ಒಂದು ತುದಿಯಿಂದ ಒಳಹೊಕ್ಕು ಇನ್ನೊಂದು ತುದಿಯಿಂದ ಹೊರಬರುವುದರಿಂದ ಆ ಅರ್ಧ. ಸುತ್ತು ಕಡಿಮೆಯಾದಷ್ಟೂ ಮೋಟಾರು ಜೋರಾಗಿ ತಿರುಗುತ್ತದೆ. ಮೇಲಿನ ವರ್ಗದವರು ಐದರ ಆಸುಪಾಸಿನ ಸುತ್ತುಗಳಲ್ಲಿ ಹಾರುತ್ತಾರೆ, ಅಮೆರಿಕದ ಸ್ಟಾಕ್ ಮಂದಿಗೆ ಹದಿನೇಳೂವರೆ ಪ್ರಿಯ. ಹೊರಗಿನ ಗಾತ್ರ ಎಲ್ಲರದ್ದೂ ಒಂದೇ. ಜಪಾನಿನ ಮಬುಚಿ ಕಂಪನಿಯ ಹಳೆಯ 540 ಮೋಟಾರಿನ ಗಾತ್ರವೇ ಇಂದಿಗೂ ನಿಯಮದಲ್ಲಿ ಉಳಿದಿದೆ. ಒಳಗಿನ ರೋಟರಿನ ಅಯಸ್ಕಾಂತಕ್ಕೆ ಎರಡೇ ಧ್ರುವ, ಅದರ ದಪ್ಪಕ್ಕೆ ಗೇಜು. ತಂತಿಯ ದಪ್ಪ, ಎಳೆಗಳ ಸಂಖ್ಯೆ, ಸ್ಟೇಟರಿನ ಉದ್ದ ಎಲ್ಲವೂ ನಿಗದಿ.

“ಹಾಗಾದರೆ ಎಲ್ಲ ಮೋಟಾರೂ ಒಂದೇ ಅಲ್ಲವೇನೋ ಮಾರಾಯ?” ಅಂದೆ.

ಅಳಿಯ ನಕ್ಕ. “ಒಂದೇ ಆಗಿದ್ದರೆ ನನ್ನ ಸಂಬಳ ಉಳಿಯುತ್ತಿತ್ತು ಮಾವ.”

ಒಂದೇ ಯಂತ್ರ ಸುತ್ತಿದ ನೂರು ಮೋಟಾರುಗಳಲ್ಲಿಯೂ ತಂತಿಯ ರೋಧದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದೇ ಬರುತ್ತದೆ. ಮಿಲಿಓಮ್‌ಗಳ ಲೆಕ್ಕ. ಕಂಪನಿಗಳು ಅವುಗಳನ್ನು ಅಳೆದು, ಅತಿ ಕಡಿಮೆ ರೋಧದವನ್ನು ಆಯ್ದು, ಬೇರೆ ಡಬ್ಬಿಯಲ್ಲಿ ಹಾಕಿ, ಕೈಯಾರೆ ಆರಿಸಿದ್ದು ಎಂಬ ಚೀಟಿಯೊಂದಿಗೆ ಹೆಚ್ಚಿನ ಬೆಲೆಗೆ ಮಾರುತ್ತವೆ. ನಿಯಮ ಮುರಿದಿಲ್ಲ. ನಿಯಮ ಬಿಟ್ಟಿರುವ ಸಂದಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಹಿಗ್ಗಿಸಿ ಕುಳಿತಿದ್ದಾರೆ. ಹಿರಿಯರ ಮೇಜಿನ ಮೇಲಿದ್ದ ರೋಧಮಾಪಕ ಇರುವುದು ಆ ಹಿಗ್ಗಾಟಕ್ಕೆ ಕೊನೆಯ ಗೆರೆ ಎಳೆಯಲು. ಸಂಘ ನಿಗದಿ ಮಾಡಿದ ಕನಿಷ್ಠಕ್ಕಿಂತ ಕೆಳಗಿಳಿದರೆ ಡಬ್ಬಿಯ ಮೇಲಿನ ಮುದ್ರೆಗೂ ಬೆಲೆಯಿಲ್ಲ.

ಇದಕ್ಕಿಂತ ಸೋಜಿಗದ್ದು ಮಿಣುಕು ದೀಪ. ಕಾರಿನ ಒಳಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಪೆಟ್ಟಿಗೆಯಿದೆ. ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ವಿದ್ಯುತ್ತು, ಯಾವ ಕ್ಷಣಕ್ಕೆ ಎಂದು ತೀರ್ಮಾನಿಸುವುದು ಅದು. ತಿರುಗುವ ಅಯಸ್ಕಾಂತ ಬರುವುದಕ್ಕೆ ಕೊಂಚ ಮೊದಲೇ ಸುರುಳಿಗೆ ವಿದ್ಯುತ್ತು ಹಾಯಿಸಿದರೆ ಮೋಟಾರು ಇನ್ನಷ್ಟು ಜೋರಾಗಿ ತಿರುಗುತ್ತದೆ. ಬ್ರಷ್‌ಲೆಸ್ ಮೋಟಾರುಗಳು ಬಂದಮೇಲೆ ಈ ಕೆಲಸವನ್ನು ಸಾಫ್ಟ್‌ವೇರು ವಹಿಸಿಕೊಂಡಿತು. 2010ರ ಸುಮಾರಿಗೆ, ಮೋಟಾರು ಪಟ್ಟಿಯಲ್ಲಿದ್ದದ್ದೇ, ಕಂಟ್ರೋಲರೂ ಪಟ್ಟಿಯಲ್ಲಿದ್ದದ್ದೇ, ಆದರೂ ನಿಧಾನದ ವರ್ಗದ ಕಾರು ವೇಗದ ವರ್ಗದ್ದನ್ನು ಬೆನ್ನಟ್ಟತೊಡಗಿತು. ಯಾವ ಗೇಜಿಗೂ ಸಿಗದ ವೇಗ. ಸಾಫ್ಟ್‌ವೇರನ್ನು ವರ್ನಿಯರಿನಲ್ಲಿ ಅಳೆಯುವುದು ಹೇಗೆ?

ಸಂಘಗಳು ಹುಡುಕಿದ ಉಪಾಯ ಸರಳವಾಗಿದೆ. ಸ್ಟಾಕ್ ವರ್ಗದ ಕಂಟ್ರೋಲರಿನಲ್ಲಿ ಈ ಮುಂಗಡದ ಚಮತ್ಕಾರವನ್ನೆಲ್ಲ ಆರಿಸಿಟ್ಟ ಒಂದು ಸ್ಥಿತಿ ಇರಬೇಕು. ಆ ಸ್ಥಿತಿಯಲ್ಲಿರುವಾಗ ಅದರ ದೀಪ ಮಿಣುಕುತ್ತಿರಬೇಕು. ರೇಸಿಗೆ ಮುನ್ನ ತಪಾಸಕ ಬಗ್ಗಿ ನೋಡುತ್ತಾನೆ. ಮಿಣುಕಿದರೆ ಹೋಗು, ಸ್ಥಿರವಾಗಿ ಉರಿದರೆ ನಿಲ್ಲು. ಆ ವರ್ಗಕ್ಕೇ ಈಗ ಬ್ಲಿಂಕಿ ಎಂದು ಹೆಸರು ಬಿದ್ದಿದೆ. ದೀಪವನ್ನೇ ಸುಳ್ಳು ಮಿಣುಕುವಂತೆ ಮಾಡಿದರೆ ಎಂದು ನಾನು ಕೇಳುವ ಮೊದಲೇ ಹಿರಿಯರು ಫೈಲಿನ ಪುಟ ತಿರುಗಿಸಿ ತೋರಿಸಿದರು. ಕಂಟ್ರೋಲರಿನ ಹೆಸರಿನ ಪಕ್ಕ ಅದರ ಸಾಫ್ಟ್‌ವೇರ್ ಆವೃತ್ತಿಯ ಸಂಖ್ಯೆಯೂ ಇತ್ತು. ಸಂಶಯ ಬಂದರೆ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿ ಅದನ್ನೂ ಓದುತ್ತಾರಂತೆ. ಸಭಾಂಗಣದ ಮಬ್ಬಿನಲ್ಲಿ ಸ್ಟಾರ್ಟಿಗೆ ನಿಂತ ಹತ್ತು ಕಾರುಗಳ ಕವಚದೊಳಗಿಂದ ಹತ್ತು ಕೆಂಪು ಚುಕ್ಕಿಗಳು, ಒಂದೊಂದು ಒಂದೊಂದು ಲಯದಲ್ಲಿ ಮಿಣುಕುತ್ತಿದ್ದುದನ್ನು ನೋಡಲು ಚೆಂದವೂ ಇತ್ತು.

ಮಧ್ಯಾಹ್ನ ಊಟದ ಬಿಡುವು. ಆಲೂಗಡ್ಡೆ, ಹಿಟ್ಟು ಕಲಸಿ ಬೇಯಿಸಿದ ಸಣ್ಣ ಉಂಡೆಗಳ ಮೇಲೆ ಕುರಿಹಾಲಿನ ಉಪ್ಪುಪ್ಪು ಚೀಸು ಕಲಸಿ ಕೊಡುವ ಹಾಲುಶ್ಕಿ ಇಲ್ಲಿಯ ಹೆಮ್ಮೆಯ ಊಟ. ಮೇಲೆ ಉದುರಿಸುವ ಹಂದಿಮಾಂಸ ಬೇಡವೆಂದು ಅಳಿಯ ನನ್ನ ಪರವಾಗಿ ಹೇಳಿದ. ಬಡಿಸುವಾಕೆ ನನ್ನನ್ನು ಕನಿಕರದಿಂದ ನೋಡಿದಳು. ಜೊತೆಗೆ ಕೊಫೋಲಾ, ಕಮ್ಯುನಿಸ್ಟ್ ಕಾಲದಲ್ಲಿ ಕೋಲಾಕ್ಕೆ ಬದಲಾಗಿ ಹುಟ್ಟಿ, ಆ ಕಾಲ ಹೋದಮೇಲೂ ಉಳಿದುಕೊಂಡ ಪಾನೀಯ. ಕಷಾಯಕ್ಕೆ ಸೋಡಾ ಬೆರೆಸಿದ ರುಚಿ. ನನಗೆ ಹಿಡಿಸಿತು.

ಊಟದ ಮೇಜಿನಿಂದಲೇ ಕಾಣುವಂತೆ ಒಂದು ಮೂಲೆಯಲ್ಲಿ ಬ್ಯಾಟರಿ ಚಾರ್ಜಿಂಗು ನಡೆದಿತ್ತು. ಪ್ರತಿ ಬ್ಯಾಟರಿಯೂ ಬೆಂಕಿ ತಡೆಯುವ ಬಟ್ಟೆಯ ಚೀಲದೊಳಗೆ. ಗೋಡೆಯ ಬುಡದಲ್ಲಿ ಮರಳು ತುಂಬಿದ ಬಕೆಟ್ಟು. ಇಲ್ಲಿಯ ನಿಯಮಗಳಲ್ಲಿ ನನಗೆ ಯಾವ ತಕರಾರೂ ಇಲ್ಲದೆ ಒಪ್ಪಿಗೆಯಾದದ್ದು ಬ್ಯಾಟರಿಯದ್ದು. ಲಿಥಿಯಂ ಪಾಲಿಮರ್ ಕೋಶಗಳು ಮೂಲತಃ ಮೆತ್ತನೆಯ ಪೊಟ್ಟಣಗಳು. ಚುಚ್ಚಿದರೆ, ಜಜ್ಜಿದರೆ, ಮಿತಿಮೀರಿ ಚಾರ್ಜು ಮಾಡಿದರೆ ಬೆಂಕಿ. ಗೋಡೆಗೆ ಗುದ್ದುವುದೇ ಕೆಲಸವಾದ ಕಾರಿನಲ್ಲಿ ಅವನ್ನು ಹಾಗೇ ಇಡಲಾದೀತೇ? ಅದಕ್ಕೇ ಗಟ್ಟಿ ಪ್ಲಾಸ್ಟಿಕ್ ಕವಚದ್ದಕ್ಕೆ ಮಾತ್ರ ಪಟ್ಟಿಯಲ್ಲಿ ಜಾಗ. ಉದ್ದ 139, ಅಗಲ 47, ಎತ್ತರ 25.1 ಮಿಲಿಮೀಟರು ಮೀರುವಂತಿಲ್ಲ. ಎರಡು ಕೋಶ ಸೇರಿ 7.4 ವೋಲ್ಟು, ಪೂರ್ತಿ ಚಾರ್ಜಾದಾಗ 8.4. ಇನ್ನೂ ಹೆಚ್ಚು ವೋಲ್ಟು ತಾಳುವ ಹೊಸ ಬಗೆಯ ಕೋಶಗಳೂ ಮಾರುಕಟ್ಟೆಯಲ್ಲಿವೆ, ಆದರೆ ಮೇಜಿನ ಮೇಲಿನ ಮೀಟರು 8.4ರ ಗೆರೆ ದಾಟಿದ್ದನ್ನು ಒಪ್ಪುವುದಿಲ್ಲ.

ಲಿಥಿಯಂ ಬರುವ ಮುನ್ನ 1.2 ವೋಲ್ಟಿನ ಆರು ನಿಕಲ್ ಕೋಶಗಳನ್ನು ಬೆಸೆದು ಓಡಿಸುತ್ತಿದ್ದರು. ಒಂದೊಂದು ಕೋಶಕ್ಕೂ ಎಷ್ಟು ಸೆಕೆಂಡು ಬಾಳುತ್ತದೆ, ಸರಾಸರಿ ವೋಲ್ಟು ಎಷ್ಟು ಎಂದು ಬರೆದ ಚೀಟಿ. ಹೊಂದುವ ಆರು ಒಳ್ಳೆಯ ಕೋಶ ಯಾರಿಗೆ ಸಿಕ್ಕಿತೋ ಅವರ ಕಾರು ಕೊನೆಯ ನಿಮಿಷದಲ್ಲೂ ಓಡುತ್ತಿತ್ತು. ಉಳಿದವರದ್ದು ತೆವಳುತ್ತಿತ್ತು. ಉತ್ತಮ ಕೋಶಗಳು ಕಂಪನಿಯ ತಂಡದವರ ಕೈಗೆ ಮೊದಲು ಸೇರುತ್ತಿದ್ದುದು ಗುಟ್ಟಿನ ವಿಷಯವೇನೂ ಆಗಿರಲಿಲ್ಲ. ಈಗ ಅಂಗಡಿಯಲ್ಲಿ ಕೊಂಡ ಲಿಪೋ ಬ್ಯಾಟರಿಗೂ ಚಾಂಪಿಯನ್ನನದ್ದಕ್ಕೂ ಆ ಅಂತರವಿಲ್ಲ. ನಿಯಮಕ್ಕಿಂತ ರಸಾಯನಶಾಸ್ತ್ರವೇ ಹೆಚ್ಚು ನ್ಯಾಯ ಮಾಡಿದ ಅಪರೂಪದ ಪ್ರಸಂಗ ಇದು.

ಟೈರುಗಳ ವಿಷಯದಲ್ಲಿ ಪಟ್ಟಿಯ ಗೊಡವೆಯನ್ನೇ ಬಿಟ್ಟಿದ್ದಾರೆ. ಎಲ್ಲರಿಗೂ ಆಯೋಜಕರೇ ಒಂದೇ ಬಗೆಯ ಟೈರು ಕೊಡುತ್ತಾರೆ, ಗುರುತು ಹಾಕಿ. ಅದನ್ನು ಮೆತ್ತಗಾಗಿಸಲು ಸವರುವ ದ್ರವವೂ ಆಯೋಜಕರು ಒಪ್ಪಿದ್ದೇ ಆಗಬೇಕು, ವಾಸನೆ ಇರಬಾರದು. ಮುಚ್ಚಿದ ಸಭಾಂಗಣದಲ್ಲಿ ನೂರಾರು ಮಂದಿ ಹಗಲಿಡೀ ಉಸಿರಾಡಬೇಕಲ್ಲ.

ಕವಚಗಳ ಬಗ್ಗೆ ಮಾತ್ರ ನನ್ನದೊಂದು ದೂರು. ಪಾಲಿಕಾರ್ಬೊನೇಟಿನ ತೆಳು ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಮಾಡುವ ಚಿಪ್ಪು ಅದು. ಬಣ್ಣ ಒಳಗಡೆಯಿಂದ ಹಚ್ಚುವುದು, ಹಾಗಾಗಿ ಎಷ್ಟು ಗುದ್ದಿದರೂ ಹೊಳಪು ಮಾಸುವುದಿಲ್ಲ. ನಾಲ್ಕು ಬಾಗಿಲಿನ ನಿಜವಾದ ಕಾರನ್ನು ಹೋಲಬೇಕು, ಕಿಟಕಿ ಕಿಟಕಿಯಂತೆ ಕಾಣಬೇಕು ಎಂಬುದು ನಿಯಮದ ಆಶಯ. ಒಪ್ಪಿಗೆ ಪಡೆದವುಗಳಿಗೆ ಸಂಖ್ಯೆಯಿದೆ. ಆದರೆ ಗಾಳಿಯನ್ನು ಸೀಳುವ ಆಸೆಯಲ್ಲಿ ತಯಾರಕರು ಚಾವಣಿಯನ್ನು ಮುಂದಕ್ಕೆ ಜಗ್ಗಿ, ಮೂಗನ್ನು ಚಪ್ಪಟೆ ಮಾಡಿ, ಬೆನ್ನನ್ನು ಎತ್ತಿ, ಕಡೆಗೆ ಯಾವ ಊರಿನ ರಸ್ತೆಯಲ್ಲೂ ಕಾಣದ ಒಂದು ಜೀವಿಯನ್ನು ಸೃಷ್ಟಿಸಿದ್ದಾರೆ. ದೀಪಗಳ ಸ್ಟಿಕ್ಕರು ಅಂಟಿಸಿದ್ದರಿಂದಷ್ಟೇ ಅದು ಕಾರು. ನಿಯಮದ ಅಕ್ಷರಕ್ಕೆ ಒಂದು ಮಿಲಿಮೀಟರೂ ತಪ್ಪಿಲ್ಲ. ನಿತ್ರಾದ ಕಾರ್ಖಾನೆಯಲ್ಲಿ ನಿಜವಾದ ಕಾರು ಕಟ್ಟುವ ನನ್ನ ಅಳಿಯನಿಗೆ ಇದನ್ನು ಹೇಳಿದರೆ, “ಮಾವ, ತಿರುವಿನಲ್ಲಿ ಹಿಂದುಗಡೆ ಹೇಗೆ ಕೂರುತ್ತದೆ ನೋಡಿ” ಎಂದು ಮಾತು ಬದಲಿಸಿದ.

ರಿಮೋಟುಗಳನ್ನು ಯಾರೂ ತಪಾಸಣೆ ಮಾಡದಿರುವುದು ನನಗೆ ವಿಚಿತ್ರವೆನಿಸಿತು. ಹಿರಿಯರು ಹಳೆಯ ಕಾಲದ ಮಾತು ತೆಗೆದರು. ಮೊದಲು 27, 40 ಮೆಗಾಹರ್ಟ್ಸ್‌ಗಳಲ್ಲಿ ಒಂದೊಂದು ರಿಮೋಟಿಗೂ ಒಂದೊಂದು ಸ್ಫಟಿಕ. ಇಬ್ಬರ ಸ್ಫಟಿಕ ಒಂದೇ ಆಗಿಬಿಟ್ಟರೆ ಒಬ್ಬ ತಿರುಗಿಸಿದಾಗ ಇನ್ನೊಬ್ಬನ ಕಾರು ಗೋಡೆಗೆ. ಹಾಗಾಗಿ ರಿಮೋಟುಗಳನ್ನೆಲ್ಲ ಮೇಜಿನ ಮೇಲೆ ಒಪ್ಪಿಸಿ, ಸರದಿ ಬಂದಾಗ ಮಾತ್ರ ಪಡೆಯಬೇಕಿತ್ತಂತೆ. 2.4 ಗಿಗಾಹರ್ಟ್ಸ್‌ನಲ್ಲಿ ಕ್ಷಣಕ್ಷಣಕ್ಕೂ ಜಾಗ ಬದಲಿಸುವ ರೇಡಿಯೊ ಬಂದಮೇಲೆ ಆ ಕಾವಲು ತಾನಾಗಿ ಬಿದ್ದುಹೋಯಿತು. ಅಳಿಯ ಮೆಲ್ಲಗೆ, ಇದೇ ರಿಮೋಟನ್ನು ಊರಿಗೆ ಆಮದು ಮಾಡಿಸಿಕೊಳ್ಳುವುದಾದರೆ ರೇಡಿಯೊ ತರಂಗಗಳನ್ನು ನೋಡಿಕೊಳ್ಳುವ ದೆಹಲಿಯ ಡಬ್ಲ್ಯೂಪಿಸಿ ವಿಭಾಗದ ಇಟಿಎ ಎಂಬ ಒಪ್ಪಿಗೆ ಪತ್ರ ಬೇಕು ಎಂದ. ರೇಸಿನವರು ಕೈಬಿಟ್ಟದ್ದನ್ನು ನಮ್ಮ ಸರ್ಕಾರ ಹಿಡಿದುಕೊಂಡಿದೆ.

ಸಂಜೆ ಫೈನಲ್ಲುಗಳು. ಒಂದೊಂದು ಐದು ನಿಮಿಷ. ಆಗಷ್ಟೇ ಓಡಿಸಿ ಇಳಿದವರೇ ಮುಂದಿನ ಓಟಕ್ಕೆ ಮಾರ್ಷಲುಗಳು. ಟ್ರ್ಯಾಕಿನ ತಿರುವುಗಳಲ್ಲಿ ನಿಂತು, ಮಗುಚಿದ ಕಾರುಗಳನ್ನು ನೆಟ್ಟಗೆ ಮಾಡಿ ಬಿಡಬೇಕು, ಎದುರಾಳಿಯದ್ದಾದರೂ ಸರಿ. ತಪ್ಪಿಸಿಕೊಂಡರೆ ದಂಡ. ಕಾರ್ಪೆಟ್ಟಿನಡಿ ಹುದುಗಿಸಿದ ತಂತಿಯ ಮೇಲೆ ಕಾರು ಹಾದಾಗಲೆಲ್ಲ ಅದರೊಳಗಿನ ಟ್ರಾನ್ಸ್‌ಪಾಂಡರು ತನ್ನ ಸಂಖ್ಯೆ ಕೂಗಿ ಹೇಳುತ್ತದೆ, ಸೆಕೆಂಡಿನ ಸಾವಿರದ ಒಂದಂಶಕ್ಕೆ ಲೆಕ್ಕ ಬೀಳುತ್ತದೆ. ಈ ಎಣಿಕೆಯನ್ನು 1982ರಲ್ಲಿ ಹಾಲೆಂಡಿನ ಒಂದು ಕಂಪನಿ ಮೊದಲು ಮಾಡಿದ್ದು ಇಂಥ ಆಟಿಕೆ ಕಾರುಗಳಿಗಾಗಿಯೇ. ಆ ಕಂಪನಿ 2008ರಲ್ಲಿ ಮ್ಯಾರಥಾನ್ ಓಟಗಾರರ ಚಿಪ್ ತಯಾರಕರ ಜೊತೆ ಒಂದಾಯಿತು.

ಮೂರು ಲೆಗ್ಗುಗಳಲ್ಲಿ ಒಳ್ಳೆಯ ಎರಡನ್ನು ಎಣಿಸಿ ಫಲಿತಾಂಶ. ಅಳಿಯ ಬಿ ಫೈನಲ್ಲಿನಲ್ಲಿ ನಡುಮಧ್ಯದಲ್ಲೆಲ್ಲೋ ಉಳಿದ, ಬೇಸರಪಟ್ಟಂತೆ ಕಾಣಲಿಲ್ಲ. ಎ ಫೈನಲ್ಲಿನ ಕೊನೆಯ ಬೀಪ್ ಸದ್ದು ನಿಂತದ್ದೇ ಕಾರುಗಳು ಸೀದಾ ಹಿರಿಯರ ಮೇಜಿಗೆ ಬಂದವು. ಒಡೆಯರು ಗೆರೆಯಾಚೆ ಕೈಕಟ್ಟಿ ನಿಂತರು, ಯಾರೂ ತಮ್ಮ ಕಾರನ್ನು ಮುಟ್ಟುವಂತಿಲ್ಲ. ತಕ್ಕಡಿ, ಪೆಟ್ಟಿಗೆ, ವೋಲ್ಟು ಎಲ್ಲ ಮುಗಿದಮೇಲೆ ಗೆದ್ದ ಕಾರಿನ ಮೋಟಾರು ಕಳಚಿತು. ಮೂರು ಸ್ಕ್ರೂ ಬಿಚ್ಚಿ ರೋಟರನ್ನು ಎಳೆದಾಗ ಅಯಸ್ಕಾಂತ ಬಿಡಲೊಲ್ಲದೆ ಕಬ್ಬಿಣಕ್ಕೆ ಅಂಟಿತು, ಹಿರಿಯರು ಗೊಣಗಿಕೊಂಡೇ ಕಿತ್ತರು. ಗೇಜು ಹೊಕ್ಕಿತು. ರೋಧಮಾಪಕದ ಅಂಕಿಯನ್ನು ಅವರು ಎರಡು ಸಲ ನೋಡಿದರು. ಗೆದ್ದ ಹುಡುಗನ ತಂದೆ ನನ್ನ ಪಕ್ಕದಲ್ಲೇ ನಿಂತು ಉಗುರು ಕಚ್ಚುತ್ತಿದ್ದರು. ಕಡೆಗೆ ತಲೆಯಾಡಿತು. ಗೋಡೆಗೆ ಅಂಟಿಸಿದ ತಾತ್ಕಾಲಿಕ ಫಲಿತಾಂಶದ ಹಾಳೆಯ ಮೇಲೆ ಸಮಯ ಬರೆದರು. ತಕರಾರು ಇದ್ದವರು ಅಷ್ಟರೊಳಗೆ ಹೇಳಬೇಕು.

ಕಾಯುವ ಹೊತ್ತಿನಲ್ಲಿ ಹಿರಿಯರು ನನ್ನತ್ತ ತಿರುಗಿ, ನೀನು ಬೆಳಗ್ಗೆ ಹೇಳಿದ ಎಮ್ಮೆಗಳ ಓಟ ಏನು ಎಂದು ಅಳಿಯನ ಮೂಲಕ ಕೇಳಿದರು. ಎಮ್ಮೆಯಲ್ಲ, ಕೋಣ ಎಂದು ತಿದ್ದಿ ಶುರುಮಾಡಿದೆ. ಕೆಸರು ಕರೆ, ಜೋಡಿ, ಹಲಗೆ, ನಿಶಾನೆ, ಈಗ ಬಂದಿರುವ ಲೇಸರ್ ಕಿರಣದ ಗೆರೆ. ಹಲ್ಲು ನೋಡುವ ವಿಷಯ ಬಂದಾಗ ಅವರು ಕನ್ನಡಕ ಮೇಲೆ ಸರಿಸಿದರು.

“ಯಾರು ನೋಡುವುದು?”

“ತಿಳಿದವರು.”

“ಒಡೆಯ ಒಪ್ಪದಿದ್ದರೆ?”

“ಮೊದಲು ಜೋರು ಮಾತು. ಆಮೇಲೆ ಹಿರಿಯರ ಮಾತು. ಓಟದ ಬಗ್ಗೆಯಾದರೆ ವಿಡಿಯೊ.”

ಇಲ್ಲಿ ತಕರಾರನ್ನು ಬರೆದುಕೊಡಬೇಕು, ಜೊತೆಗೆ ಹಣ ಕಟ್ಟಬೇಕು, ಗೆದ್ದರೆ ಹಣ ವಾಪಸು, ಸೋತರೆ ಸಂಘಕ್ಕೆ ಎಂದು ವಿವರಿಸಿದರು. ಹಾಗೆ ಮಾಡಿದರೆ ನಮ್ಮಲ್ಲಿ ಬಯ್ಗುಳಕ್ಕೆ ಜಾಗವೇ ಉಳಿಯುವುದಿಲ್ಲವಲ್ಲ ಎಂದೆ. ಅಳಿಯ ಇದನ್ನು ಎಷ್ಟು ಅನುವಾದಿಸಿದನೋ ಗೊತ್ತಿಲ್ಲ. ಹಿರಿಯರು ಹೊಟ್ಟೆ ಕುಣಿಸಿ ನಕ್ಕು, ಗಡಿಯಾರ ನೋಡಿ, ಫಲಿತಾಂಶದ ಹಾಳೆಗೆ ಸಹಿ ಹಾಕಿ, ಸಾಲಿನಲ್ಲಿದ್ದ ಮುಂದಿನ ವರ್ಗದ ಕಾರನ್ನು ತಕ್ಕಡಿಗೆ ಎಳೆದುಕೊಂಡರು.